ಹೊಳೆಬದಿಯ ಮನೆಗಳೂ ವಯಸ್ಸಾದವರ ಓಡಾಟವೂ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ದನದ ವಿಷಯ ಬಿಟ್ಟು ಮನೆಯ ಮೆಟ್ಟಿಲಿನ ವಿಷಯ ಮಾತಾಡಲಿಕ್ಕೆ ಇವನನ್ನು ಯಾಕೆ ಕರೆದರು ಅಂತ ನಿಮಗೆ ಅನಿಸಬಹುದು. ಕಾರಣ ಉಂಟು. ಸಂಘ ಶುರುವಾಗುವಾಗ ನಲವತ್ತೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು. ಆಗ ಹಾಲಿನ ಕ್ಯಾನು ಹಿಡಿದುಕೊಂಡು ಗುಡ್ಡೆ ಹತ್ತಿ ಬರುತ್ತಿದ್ದವರು ಈಗ ಚಾವಡಿಯಲ್ಲಿ ಕೂತು ಮಳೆ ಯಾವಾಗ ಬಿಡುತ್ತದೆ ಅಂತ ನೋಡುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಕೆಲವರು ಅದಕ್ಕಿಂತಲೂ ದೂರ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲೂ ಒಳಗಿನ ಬೈಲುಗಳಿಗೆ ಹೋಗಿ ನೋಡಿ, ದೊಡ್ಡ ಮನೆ, ದೊಡ್ಡ ತೋಟ, ಮನೆಯಲ್ಲಿ ಇಬ್ಬರೇ ಮುದುಕರು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅರುವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ ಮಂದಿ. ನಮ್ಮ ಬೈಲಿನ ಲೆಕ್ಕ ತೆಗೆಯಲಿಕ್ಕೆ ಜನಗಣತಿ ಬೇಡ, ಸಂಘದ ಮಹಾಸಭೆಯ ದಿನ ಎದುರಿನ ಮೂರು ಸಾಲು ನೋಡಿದರೆ ಸಾಕು.

ನಾನು ಡಾಕ್ಟರಲ್ಲ. ಕಟ್ಟಡದ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದು ನಿವೃತ್ತನಾದವನು. ಹಾಗಾಗಿ ನನ್ನ ಮಾತು ಸಿಮೆಂಟು, ಪೈಪು, ಅಡಿ, ಇಂಚು ಇಷ್ಟರಲ್ಲೇ ಇರುತ್ತದೆ. ದಯವಿಟ್ಟು ಸಹಿಸಿಕೊಳ್ಳಬೇಕು.

ಮೊದಲು ಹಟ್ಟಿಯಿಂದಲೇ ಶುರು ಮಾಡುತ್ತೇನೆ. ಇಲ್ಲಿರುವ ಹೆಚ್ಚಿನವರ ಹಟ್ಟಿಯಲ್ಲಿ ರಬ್ಬರ್ ಮ್ಯಾಟ್ ಉಂಟು. ಯಾಕೆ ಹಾಕಿದ್ದು? ಸಿಮೆಂಟು ನೆಲದಲ್ಲಿ ದನದ ಕಾಲು ಜಾರಬಾರದು, ಮೊಣಕಾಲು ತರಚಬಾರದು, ಬಿದ್ದು ಸೊಂಟ ಮುರಿದುಕೊಂಡರೆ ದನವೇ ಹೋಯಿತು ಅಂತ. ಒಳ್ಳೆಯ ಕೆಲಸ. ಈಗ ಅದೇ ಮನೆಯ ಬಚ್ಚಲಿಗೆ ಹೋಗಿ ನೋಡುವ. ನುಣ್ಣನೆಯ ಟೈಲ್ಸು, ಸೋಪಿನ ನೀರು, ಹಿಡಿದುಕೊಳ್ಳಲಿಕ್ಕೆ ನಲ್ಲಿಯ ತಿರುಪು ಮಾತ್ರ. ದನಕ್ಕೆ ಮಾಡಿದ ಯೋಚನೆಯನ್ನು ಅಮ್ಮನಿಗೆ ಮಾಡಲಿಲ್ಲ ಅಂದರೆ ಬೇಸರ ಮಾಡಬೇಡಿ. ಪ್ರೀತಿ ಇಲ್ಲದೆ ಹೀಗಾದದ್ದಲ್ಲ. ದನದ ನೆಲದ ಬಗ್ಗೆ ಹೇಳಲಿಕ್ಕೆ ಸಂಘ ಇತ್ತು, ಪಶುವೈದ್ಯರಿದ್ದರು. ಅಮ್ಮನ ನೆಲದ ಬಗ್ಗೆ ಹೇಳುವವರು ಯಾರೂ ಇರಲಿಲ್ಲ.

ಬೀಳುವುದು ಸಣ್ಣ ಸಂಗತಿಯಲ್ಲ. ಬಿದ್ದು ಸಾಯುವವರು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದರಲ್ಲಿ ವಯಸ್ಸಾದವರ ಪಾಲೇ ದೊಡ್ಡದು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಎಲುಬು ಸವೆಯುತ್ತದೆ, ಆದ್ದರಿಂದ ನಿಂತಲ್ಲಿಂದ ಬಿದ್ದರೂ ತೊಡೆ ಎಲುಬಿನ ಕುತ್ತಿಗೆ ಮುರಿಯುತ್ತದೆ. ಆಪರೇಷನ್ ಆದರೂ ಮೊದಲಿನ ಹಾಗೆ ನಡೆಯುವವರು ಎಲ್ಲರೂ ಅಲ್ಲ. ಒಮ್ಮೆ ಬಿದ್ದವರಿಗೆ ಮತ್ತೆ ಬೀಳುವ ಹೆದರಿಕೆ ಹಿಡಿಯುತ್ತದೆ. ಹೆದರಿ ನಡೆಯುವುದು ಬಿಡುತ್ತಾರೆ, ನಡೆಯುವುದು ಬಿಟ್ಟರೆ ಕಾಲಿನ ಬಲ ಹೋಗುತ್ತದೆ, ಬಲ ಹೋದರೆ ಮತ್ತೆ ಬೀಳುತ್ತಾರೆ.

ನಮ್ಮ ಕಡೆಯ ಮನೆಗಳು ಹೇಗೆ ಆದದ್ದು ಅಂತ ಸ್ವಲ್ಪ ನೋಡಬೇಕು. ನೀರು ಬೇಕು, ತೋಟ ಬೇಕು, ಆದ್ದರಿಂದ ಮನೆ ಹೊಳೆಬದಿಯಲ್ಲಿ ಅಥವಾ ತೋಡಿನ ಬದಿಯಲ್ಲಿ. ಸುಬ್ರಹ್ಮಣ್ಯದಿಂದ ಉಪ್ಪಿನಂಗಡಿಯವರೆಗೆ ಕುಮಾರಧಾರಾ, ಸುಳ್ಯದ ಕಡೆ ಪಯಸ್ವಿನಿ, ಹೊಸ್ಮಠದ ಕಡೆ ಗುಂಡ್ಯ ಹೊಳೆ, ಇವುಗಳಿಗೆ ಬಂದು ಸೇರುವ ತೋಡುಗಳಿಗೆ ಲೆಕ್ಕವಿಲ್ಲ. ರಸ್ತೆ ಮೇಲೆ ಗುಡ್ಡೆಯಲ್ಲಿ, ಮನೆ ಕೆಳಗೆ ಬೈಲಿನಲ್ಲಿ. ನೆರೆಯ ಹೆದರಿಕೆಯೂ ಹಳೆಯದು. ಉಪ್ಪಿನಂಗಡಿಯಲ್ಲಿ 1923ರ ನೆರೆಯ ಮಾತನ್ನು ಹಿರಿಯರು ಹೇಳುತ್ತಿದ್ದರು, 1974ರ ಜುಲೈ ತಿಂಗಳ ನೆರೆ ಕಂಡವರು ಈಗಲೂ ಇದ್ದಾರೆ. ಹಾಗಾಗಿ ಹೊಳೆಬದಿಯಲ್ಲಿ ಮನೆ ಕಟ್ಟುವವನು ಪಂಚಾಂಗವನ್ನು ಎತ್ತರಿಸುತ್ತಾನೆ. ನೀರಿಗೆ ಹೆದರಿ ಎರಡು ಅಡಿ ಇದ್ದದ್ದನ್ನು ಮೂರು ಮಾಡಿದ, ಮೂರು ಇದ್ದದ್ದನ್ನು ನಾಲ್ಕು ಮಾಡಿದ. ನೀರು ಒಳಗೆ ಬರಲಿಲ್ಲ, ಸರಿ. ಆದರೆ ಮೂವತ್ತು ವರ್ಷ ಕಳೆದ ಮೇಲೆ ಯಜಮಾನನಿಗೇ ಒಳಗೆ ಬರಲಿಕ್ಕೆ ಆಗುವುದಿಲ್ಲ.

ಇದು ನಮ್ಮ ಊರಿನ ಸಂಕಟ ಮಾತ್ರ ಅಲ್ಲ. 2018ರ ನೆರೆಯ ನಂತರ ಕೇರಳದಲ್ಲಿ ಕುಟ್ಟನಾಡಿನಂಥ ಕಡೆ ಕಂಬದ ಮೇಲೆ ಮನೆ ಕಟ್ಟಿದರು, ಇದ್ದ ಮನೆಯನ್ನೇ ಜಾಕಿ ಕೊಟ್ಟು ಎತ್ತಿದವರೂ ಉಂಟು. ಅಮೆರಿಕದ ಸಮುದ್ರ ಬದಿಯಲ್ಲಿ ದೊಡ್ಡ ಚಂಡಮಾರುತಗಳ ನಂತರ ಮನೆಗಳನ್ನು ಒಂದು ಅಂತಸ್ತಿನಷ್ಟು ಮೇಲಕ್ಕೆತ್ತಿದರು. ಅಲ್ಲಿ ಕಾರ್ಖಾನೆಯಲ್ಲೇ ಮಾಡಿ ಲಾರಿಯಲ್ಲಿ ತಂದು ಇಡುವ ರೆಡಿಮೇಡ್ ಮನೆಗಳೂ ಇವೆ, ಅದರ ನೆಲ ಸಹಾ ಎರಡು ಮೂರು ಅಡಿ ಮೇಲೆ, ಬಾಗಿಲಿಗೆ ಮೆಟ್ಟಿಲು. ನೀರಿಗೆ ಎತ್ತರ ಬೇಕು, ಕಾಲಿಗೆ ತಗ್ಗು ಬೇಕು. ಎರಡನ್ನೂ ಹೇಗೆ ಹೊಂದಿಸುವುದು ಅಂತ ಎಲ್ಲಾ ಕಡೆಯವರೂ ತಲೆಕೆಡಿಸಿಕೊಂಡಿದ್ದಾರೆ.

ನಮಗೆ ಒಂದು ಅನುಕೂಲ ಉಂಟು, ಅದನ್ನು ನಾವು ಗಮನಿಸಿಲ್ಲ. ನಮ್ಮ ಮನೆಗಳ ಜಾಗ ಗುಡ್ಡೆಯ ಬುಡವನ್ನು ಕಡಿದು ಮಾಡಿದ್ದು. ಹೊಳೆಯ ಕಡೆ ಮುಖ, ಅಲ್ಲಿ ನಾಲ್ಕೋ ಆರೋ ಮೆಟ್ಟಿಲು. ಅದೇ ಮನೆಯ ಹಿಂದೆ ಅಥವಾ ಒಂದು ಪಕ್ಕದಲ್ಲಿ ನೆಲ ಎತ್ತರವಾಗಿಯೇ ಇರುತ್ತದೆ, ಎಷ್ಟೋ ಮನೆಗಳಲ್ಲಿ ಅಡುಗೆಕೋಣೆಯ ಹಿಂಬಾಗಿಲಿಗೆ ಒಂದೇ ಮೆಟ್ಟಿಲು. ರಸ್ತೆಯಿಂದ ಬರುವ ದಾರಿಯೂ ಮೇಲಿನಿಂದಲೇ ಬರುತ್ತದೆ. ಸುತ್ತು ಹಾಕಿ ಅಂಗಳಕ್ಕೆ ಇಳಿದು ಮತ್ತೆ ಜಗಲಿಗೆ ಹತ್ತುವ ಬದಲು ಆ ಮೇಲಿನ ದಾರಿಯಿಂದಲೇ ಹಿಂಬಾಗಿಲಿಗೋ ಪಕ್ಕದ ಬಾಗಿಲಿಗೋ ಸಪಾಟಾಗಿ ನಾಲ್ಕು ಅಡಿ ಅಗಲದ ಕಾಲುದಾರಿ ಮಾಡಿದರೆ ಮುಗಿಯಿತು. ನೆರೆ ಬಂದರೂ ಹೊರಗೆ ಹೋಗಲಿಕ್ಕೆ ಅದೇ ದಾರಿ, ಯಾಕೆಂದರೆ ಅದು ನೀರಿಗೆ ಬೆನ್ನು ಹಾಕಿ ಹೋಗುತ್ತದೆ. ನಡುವೆ ಮಳೆನೀರಿನ ಕಣಿ ಉಂಟಲ್ಲ, ಅದನ್ನು ಮುಚ್ಚಬೇಡಿ. ಮೇಲೆ ತೂತಿನ ಚಪ್ಪಡಿ ಹಾಕಿ. ದರೆ ತೀರಾ ಕಡಿದಾಗಿ ಮನೆಗೆ ತಾಗಿಕೊಂಡಿದ್ದರೆ ಮಾತ್ರ ಈ ಉಪಾಯ ಬೇಡ, ಅಂಥಲ್ಲಿ ಮೊದಲು ದರೆಯ ಭದ್ರತೆ ನೋಡಬೇಕು.

ಹಿಂಬಾಗಿಲಿನಿಂದ ಯಜಮಾನ ಬರಬಾರದು, ವಾಸ್ತು ಕೆಡುತ್ತದೆ ಅಂತ ಯಾರಾದರೂ ಹೇಳಿಯಾರು. ಹಾಗೆ ಹೇಳುವವರು ಯಜಮಾನನನ್ನು ಹೆಗಲ ಮೇಲೆ ಹೊತ್ತು ಮುಂದಿನ ಬಾಗಿಲಿನಿಂದ ತರುವ ಕೆಲಸವನ್ನೂ ವಹಿಸಿಕೊಳ್ಳಲಿ.

ಮುಂದಿನ ಬಾಗಿಲೇ ಬೇಕು ಎನ್ನುವವರು ಇಳಿಜಾರು, ಅಂದರೆ ರ‍್ಯಾಂಪ್, ಮಾಡುತ್ತಾರೆ. ಇಲ್ಲಿ ಒಂದು ಲೆಕ್ಕ ಮರೆಯಬೇಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಅಡಿ ಪಂಚಾಂಗಕ್ಕೆ ಮೂವತ್ತಾರು ಅಡಿ, ನಡುವೆ ಐದು ಅಡಿ ಸಪಾಟು ಜಾಗ. ಜಗಲಿಯ ಗೋಡೆಗೆ ಒರಗಿಸಿ ಒಂದು ತಿರುವು ಕೊಟ್ಟರೆ ಅಂಗಳದಲ್ಲಿ ಹಿಡಿಸುತ್ತದೆ. ಆದರೆ ಮೇಸ್ತ್ರಿಯ ಹತ್ತಿರ ಬರೇ "ರ‍್ಯಾಂಪ್ ಮಾಡು" ಅಂದರೆ ಅವನು ಬೈಕು ಹತ್ತಿಸುವಂಥದ್ದನ್ನು ಮಾಡಿ ಕೊಡುತ್ತಾನೆ, ಎಂಟು ಅಡಿಯಲ್ಲಿ ಮೂರು ಅಡಿ ಏರುತ್ತದೆ. ಅದರಲ್ಲಿ ವೀಲ್‌ಚೇರು ತಳ್ಳಿದರೆ ಕೂತವರೂ ತಳ್ಳುವವರೂ ಒಟ್ಟಿಗೆ ಅಂಗಳಕ್ಕೆ. ನಮ್ಮ ಜಿಲ್ಲೆಯಲ್ಲಿ ಬೀಳುವುದು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಮಾಡು ಇಲ್ಲದ ಇಳಿಜಾರು ಆಟಿ ಬರುವಷ್ಟರಲ್ಲಿ ಹಸಿರು ಪಾಚಿ ಹಿಡಿದು ಮೀನಿನ ಬೆನ್ನಿನ ಹಾಗೆ ಆಗಿರುತ್ತದೆ. ಶೀಟಿನ ಅಡಿಯಲ್ಲಿ ಮಾತ್ರ ಇಳಿಜಾರು ಮಾಡಿ, ಮೇಲ್ಮೈಗೆ ಕರಣೆ ನುಣುಪು ಬೇಡ, ಹಸಿ ಇರುವಾಗಲೇ ಹಿಡಿಸೂಡಿಯಿಂದ ಅಡ್ಡಕ್ಕೆ ಗೆರೆ ಎಳೆಯಿರಿ.

ಕೋಲು ಹಿಡಿದು ನಡೆಯುವವರಿಗೆ ನನ್ನ ಅಭಿಪ್ರಾಯದಲ್ಲಿ ಇಳಿಜಾರಿಗಿಂತ ತಗ್ಗಿನ ಮೆಟ್ಟಿಲೇ ಒಳ್ಳೆಯದು. ಮೊಣಕಾಲು ನೋವಿರುವವರಿಗೆ ಇಳಿಜಾರು ಇಳಿಯುವುದು ಕಷ್ಟ. ಹಳೆ ಮನೆಗಳ ಮೆಟ್ಟುಕಲ್ಲು ಎಂಟು, ಒಂಬತ್ತು ಇಂಚು ಎತ್ತರ, ಕೆಲವು ಕಡೆ ಒಂದು ಅಡಿ. ಅದನ್ನು ಆರು ಇಂಚಿನ ಒಳಗೆ ತಂದು, ಕಾಲಿಡುವ ಜಾಗ ಹನ್ನೆರಡು ಇಂಚಿಗೆ ಕಡಿಮೆ ಇಲ್ಲದ ಹಾಗೆ ಮಾಡಬೇಕು. ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಕೊನೆಯ ಮೆಟ್ಟಿಲು ಮಾತ್ರ ಎರಡು ಇಂಚು ಹೆಚ್ಚು ಕಡಿಮೆ ಆದರೆ ಬೀಳುವುದು ಅಲ್ಲಿಯೇ. ಅಂಚಿಗೆ ಬಿಳಿ ಅಥವಾ ಹಳದಿ ಪೈಂಟಿನ ಒಂದು ಗೆರೆ ಎಳೆಯಿರಿ, ಕಣ್ಣಿನ ಪೊರೆ ಬಂದವರಿಗೆ ಕೆಂಪು ಸಾರಣೆಯ ಮೆಟ್ಟಿಲೂ ನೆಲವೂ ಒಂದೇ ಆಗಿ ಕಾಣುತ್ತದೆ.

ಹಿಡಿಕೆಗೆ ಹೊಸ ಸ್ಟೀಲು ಬೇಕೆಂದಿಲ್ಲ. ಪಂಪಿನ ಹಳೆ ಜಿ.ಐ. ಪೈಪು ಎಲ್ಲರ ಕೊಟ್ಟಗೆಯ ಹಿಂದೆಯೂ ಬಿದ್ದಿರುತ್ತದೆ, ಒಂದೂವರೆ ಇಂಚಿನದ್ದು ಕೈಗೆ ಸರಿಯಾಗುತ್ತದೆ. ನೆಲದಿಂದ ಮೂವತ್ತೆರಡು, ಮೂವತ್ತನಾಲ್ಕು ಇಂಚು ಎತ್ತರ, ಸಾಧ್ಯವಾದರೆ ಎರಡು ಬದಿಗೂ. ಒಂದು ಎಚ್ಚರಿಕೆ. ನಮ್ಮ ಗೋಡೆ ಕೆಂಪುಕಲ್ಲಿನದ್ದು, ಅದರಲ್ಲಿ ಡ್ರಿಲ್ ಮಾಡಿ ಪ್ಲಾಸ್ಟಿಕ್ ಗಟ್ಟ ಹಾಕಿ ಸ್ಕ್ರೂ ಬಿಗಿದರೆ ನಾಲ್ಕು ತಿಂಗಳಲ್ಲಿ ಸಡಿಲ ಆಗುತ್ತದೆ. ಹಿಡಿಕೆ ಇಲ್ಲದಿದ್ದರೆ ಮನುಷ್ಯ ಜಾಗ್ರತೆಯಿಂದ ನಡೆಯುತ್ತಾನೆ, ಸಡಿಲ ಹಿಡಿಕೆ ಇದ್ದರೆ ನಂಬಿ ಭಾರ ಹಾಕುತ್ತಾನೆ. ಆದ್ದರಿಂದ ಗೋಡೆಯಲ್ಲಿ ಒಂದು ತುಂಡು ಕಲ್ಲು ತೆಗೆದು, ಕೊಕ್ಕೆ ಸರಳು ಬೆಸುಗೆ ಹಾಕಿದ ಕಬ್ಬಿಣದ ಪ್ಲೇಟನ್ನು ಕಾಂಕ್ರೀಟಿನಲ್ಲಿ ಹೂತು, ಒಂದು ವಾರ ನೀರು ಹಾಕಿ, ಆಮೇಲೆ ಪೈಪು ಕೂರಿಸಬೇಕು. ಮನೆಯಲ್ಲಿ ಎಲ್ಲರಿಗಿಂತ ತೂಕದವರು ಅದರಲ್ಲಿ ಜೋತು ನೋಡಿದ ಮೇಲೆಯೇ ಅಜ್ಜಿಗೆ ಹಿಡಿಯಲಿಕ್ಕೆ ಹೇಳಿ.

ಹೊಸ್ತಿಲಿನ ವಿಷಯ ಸೂಕ್ಷ್ಮ. ಪೂಜೆ ಮಾಡುವ ಹೊಸ್ತಿಲನ್ನು ಕಡಿಯಿರಿ ಅಂತ ನಾನು ಹೇಳುವುದಿಲ್ಲ. ದಾರಂದದ ಎರಡೂ ಬದಿ ಎದೆಯ ಎತ್ತರಕ್ಕೆ ಒಂದೊಂದು ಹಿಡಿ ಹಾಕಿದರೆ ಕಾಲೆತ್ತಿ ದಾಟಲಿಕ್ಕೆ ಧೈರ್ಯ ಬರುತ್ತದೆ. ವೀಲ್‌ಚೇರಿಗಾದರೆ ಎರಡು ಬದಿಗೂ ಇಟ್ಟು ತೆಗೆಯುವ ಮರದ ಓರೆಹಲಗೆ ಸಾಕು. ಮಲಗುವ ಕೋಣೆಗೂ ಬಚ್ಚಲಿಗೂ ಇರುವ ಹೊಸ್ತಿಲಿಗೆ ಪೂಜೆ ಇಲ್ಲವಲ್ಲ, ಅದನ್ನು ತೆಗೆಯಬಹುದು.

ಇನ್ನು ಬಚ್ಚಲು, ಪಾಯಿಖಾನೆ. ಹಳೆ ಕ್ರಮದಲ್ಲಿ ಎರಡೂ ಹೊರಗೆ. ರಾತ್ರಿ ಎರಡು ಗಂಟೆಗೆ, ಧೋ ಅಂತ ಮಳೆ, ಕರೆಂಟು ಹೋಗಿದೆ, ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ಕೊಡೆ. ಕೋಲು ಹಿಡಿಯಲಿಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ಇದಕ್ಕೆ ಹೆದರಿ ಸಂಜೆ ಐದರ ಮೇಲೆ ನೀರೇ ಕುಡಿಯದ ಅಮ್ಮಂದಿರಿದ್ದಾರೆ. ಕೇಳಿದರೆ ಬಾಯಾರಿಕೆ ಇಲ್ಲ ಅಂತಾರೆ. ಸಭೆಯಲ್ಲಿ ಹೇಳುವ ಮಾತಲ್ಲ ಅಂತ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಮನೆಯಲ್ಲಿ ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಹಾಸಿಗೆಯಿಂದ ಪಾಯಿಖಾನೆಗೆ ಹೋಗುವ ದಾರಿಗೆ ಮಾಡಿ. ಮುಂದಿನ ಗೇಟು, ಅಂಗಳದ ಇಂಟರ್‌ಲಾಕು ಎಲ್ಲ ಆಮೇಲೆ.

ಹೊಸತು ಕಟ್ಟಲಿಕ್ಕೆ ಆಗದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ. ಇದ್ದ ಕುಕ್ಕರುಗಾಲಿನ ಪಾಯಿಖಾನೆಯ ಮೇಲೆ ಇಟ್ಟರೆ ಆಯಿತು, ಒಂದು ಇಟ್ಟಿಗೆಯೂ ಬೇಡ. ಹೊಸತು ಕಟ್ಟುವುದಾದರೆ ಕೂರುವ ಎತ್ತರ ಹದಿನೆಂಟು ಇಂಚು ಇರಲಿ, ಬದಿಯಲ್ಲಿ ಒಂದು ಹಿಡಿಕೆ, ನೆಲಕ್ಕೆ ಒರಟು ಟೈಲ್ಸು. ಬಾಗಿಲಿನ ವಿಷಯ ಮುಖ್ಯ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಫೈಬರ್ ಬಾಗಿಲು ಹೆಚ್ಚಾಗಿ ಎರಡೂವರೆ ಅಡಿಯದ್ದು. ಅದರ ದಾರಂದ ಕಳೆದು, ತೆರೆದ ಬಾಗಿಲಿನ ದಪ್ಪ ಕಳೆದು ಉಳಿಯುವ ಜಾಗದಲ್ಲಿ ಇಪ್ಪತ್ತೈದು ಇಪ್ಪತ್ತಾರು ಇಂಚಿನ ವೀಲ್‌ಚೇರು ಉಜ್ಜಿಕೊಂಡು ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಗೋಡೆ ಕಟ್ಟುವಾಗಲೇ ಮೂರು ಅಡಿ ಬಿಡಿಸಿ. ಬಾಗಿಲು ಹೊರಗೆ ತೆರೆಯಲಿ. ಒಳಗೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ದೂಡಿದಷ್ಟೂ ಅವರಿಗೇ ಪೆಟ್ಟು. ಚಿಲಕವೂ ಹೊರಗಿನಿಂದ ತೆಗೆಯಲಿಕ್ಕೆ ಆಗುವಂಥದ್ದಿರಲಿ.

ಹಂಡೆಯ ಬಿಸಿನೀರಿನ ಸ್ನಾನ ಬಿಡಿ ಅಂತ ಯಾರಿಗೂ ಹೇಳಲಿಕ್ಕಾಗದು, ನಾನೂ ಬಿಡುವವನಲ್ಲ. ಕೂತು ಮೀಯಲಿಕ್ಕೆ ಭದ್ರವಾದ ಸ್ಟೂಲು, ಬಾಗದೆ ನೀರು ಮೊಗೆಯುವ ಹಾಗೆ ಬಾಲ್ದಿಗೂ ಒಂದು ಕಟ್ಟೆ, ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕಾಲಡಿಗೆ ಹಟ್ಟಿಯ ಮ್ಯಾಟಿನ ಉಳಿದ ತುಂಡು ಇದ್ದರೆ ಅದನ್ನೇ ತೊಳೆದು ಹಾಕಿ, ದನ ಆಕ್ಷೇಪ ಮಾಡಲಿಕ್ಕಿಲ್ಲ.

ಹಟ್ಟಿಯನ್ನು ಬಿಟ್ಟು ಮಾತಾಡಿದರೆ ನಮ್ಮ ಅಮ್ಮಂದಿರು ಒಪ್ಪುವುದಿಲ್ಲ. ಎಪ್ಪತ್ತೈದಾದರೂ ಬೆಳಿಗ್ಗೆ ಹಟ್ಟಿಗೆ ಹೋಗಿ ಕರುವಿನ ತಲೆ ಸವರದೆ ಅವರಿಗೆ ಕಾಫಿ ಇಳಿಯುವುದಿಲ್ಲ. ಹೋಗಬೇಡಿ ಅಂದರೆ ಹೋಗದೆ ಇರುವವರೂ ಅಲ್ಲ. ಮನೆಯಿಂದ ಹಟ್ಟಿಗೆ ಹೋಗುವ ಆ ಇಪ್ಪತ್ತು ಹೆಜ್ಜೆಗೆ ಶೀಟಿನ ಮಾಡು ಮತ್ತು ಒಂದು ಸಾಲು ಪೈಪು ಹಾಕಿದರೆ ಒಳ್ಳೆಯದು. ಹಿಂದೆ ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ, ತೆಂಗಿನ ಮಡಲು ಹಾಸುತ್ತಿದ್ದರು, ಅದರ ಮೇಲೆ ನಡೆದರೆ ಜಾರುತ್ತಿರಲಿಲ್ಲ. ಈಗ ಹಾಸುವವರಿಲ್ಲ. ಅಡಿಕೆ ಒಣಗಲಿ ಅಂತ ಅಂಗಳಕ್ಕೆ ಶೀಟು ಹಾಕಿಸಿದ ಮನೆಗಳಲ್ಲಿ ಪಾಚಿಯೇ ಕಟ್ಟುವುದಿಲ್ಲ. ಅಡಿಕೆಗೆ ಅಂತ ಮಾಡಿದ್ದು ಅಜ್ಜನಿಗೂ ಉಪಕಾರವಾಯಿತು.

ಮನೆಯೊಳಗೆ ಎಲ್ಲಾ ಮಾಡಿದರೂ ಹೊರಗೆ ತೋಡಿಗೆ ಸಂಕ ಇದ್ದರೆ ಎಂತ ಮಾಡುವುದು? ಎರಡು ಅಡಿಕೆ ಮರ ಹಾಸಿದ ಕಾಲುಸಂಕ ಇಪ್ಪತ್ತು ವರ್ಷದವನಿಗೆ ಆಟ, ಎಪ್ಪತ್ತು ವರ್ಷದವರಿಗೆ ನಾಲ್ಕು ತಿಂಗಳ ಸೆರೆಮನೆ. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು, ಆಮೇಲೆ ನೂರಕ್ಕಿಂತಲೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ದೊಡ್ಡ ಹೊಳೆಗೆ ಅವರಂಥವರು ಬೇಕು. ಹತ್ತು ಅಡಿಯ ತೋಡಿಗೆ ನಾವೇ ಸಾಕು. ನಾಲ್ಕು ಅಡಿ ಅಗಲದ ಕಾಂಕ್ರೀಟು ಚಪ್ಪಡಿ, ಎರಡು ಬದಿ ಪೈಪು. ನಾಲ್ಕು ಅಡಿ ಯಾಕೆಂದರೆ ಸ್ಟ್ರೆಚರ್ ಹಿಡಿದವರು ಇಬ್ಬರೂ ಸರಿಯಾಗಿ ಹೆಜ್ಜೆ ಇಡಬೇಕು. ತೋಟದ ತಡಮೆಯನ್ನು ತೆಗೆದು ಗೇಟು ಮಾಡಿ. ಗುಡ್ಡೆಯ ರಸ್ತೆಗೆ ಪೂರ್ತಿ ಕಾಂಕ್ರೀಟು ಆಗದಿದ್ದರೆ ಚಕ್ರ ಹೋಗುವಲ್ಲಿ ಎರಡು ಪಟ್ಟಿ ಹಾಕಿದರೂ ರಿಕ್ಷಾ ಮನೆಯವರೆಗೆ ಬರುತ್ತದೆ. ರಿಕ್ಷಾ ತಿರುಗಿಸುವಷ್ಟು ಜಾಗವನ್ನು ಮನೆಯ ಹತ್ತಿರವೇ ಇಟ್ಟುಕೊಳ್ಳಿ.

ಇದರಲ್ಲಿ ಹುಡುಗಾಟ ಇಲ್ಲ ಅಂತ ನಾವು ನೋಡಿದ್ದೇವೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡೆ ಜರಿದಾಗ ಆಚೆಯ ಜನ ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಬಂದರು. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಕಡೆ ಒಂದೇ ರಾತ್ರಿ ಹೊಳೆ ಹೇಗೆ ಏರಿತು ಅಂತ ನಿಮಗೆ ಗೊತ್ತಿದೆ. ಅಂಥ ರಾತ್ರಿ ಕಾಲು ಗಟ್ಟಿ ಇರುವವನು ಹತ್ತು ನಿಮಿಷದಲ್ಲಿ ಗುಡ್ಡೆ ಹತ್ತುತ್ತಾನೆ. ಕಾಲು ಬಾರದವರನ್ನು ಕುರ್ಚಿಯಲ್ಲೋ ಕಂಬಳಿಯಲ್ಲೋ ಹೊತ್ತು ತರಬೇಕು, ಅದಕ್ಕೆ ನಾಲ್ಕು ಜನ ಬೇಕು, ಬೈಲಿನಲ್ಲಿ ಆ ನಾಲ್ಕು ಜನ ಇಲ್ಲ. ಹಾಗಾಗಿ ಹೊಳೆಬದಿಯ ಮನೆಗಳಿಗೆ ನನ್ನದು ಒಂದೇ ಸಲಹೆ. ನಡೆಯಲಾರದವರನ್ನು ನೀರು ಅಂಗಳಕ್ಕೆ ಬಂದ ಮೇಲೆ ಎಬ್ಬಿಸುವುದಲ್ಲ, ಹೊಳೆ ಕೆಂಪಾಗಿ ತೋಟಕ್ಕೆ ನುಗ್ಗುವ ಲಕ್ಷಣ ಕಂಡ ಹಗಲಿನಲ್ಲೇ ಮೇಲಿನ ಮನೆಗೆ ಮುಟ್ಟಿಸಬೇಕು. ಯಾರ ಮನೆಗೆ ಎಂಬುದು ಮೇ ತಿಂಗಳಲ್ಲೇ ಮಾತಾಡಿ ಆಗಿರಬೇಕು.

ಖರ್ಚಿನ ಮಾತು. ಜಪಾನಿನಲ್ಲಿ 2000ನೇ ಇಸವಿಯಿಂದ ವೃದ್ಧರ ಆರೈಕೆಗೆ ಒಂದು ವಿಮೆ ಉಂಟು. ಅದರಲ್ಲಿ ಮನೆಗೆ ಹಿಡಿಕೆ ಹಾಕಲಿಕ್ಕೆ, ನೆಲದ ಏರುತಗ್ಗು ತೆಗೆಯಲಿಕ್ಕೆ, ಜಾರದ ನೆಲ ಮಾಡಲಿಕ್ಕೆ, ಜಾರುಬಾಗಿಲು ಕೂರಿಸಲಿಕ್ಕೆ, ಕೂರುವ ಪಾಯಿಖಾನೆಗೆ ಎಂದು 2 ಲಕ್ಷ ಯೆನ್ ವರೆಗಿನ ಕೆಲಸಕ್ಕೆ ಹೆಚ್ಚಿನ ಪಾಲು ವಿಮೆಯೇ ಕೊಡುತ್ತದೆ. ದೊಡ್ಡ ಪಟ್ಟಿಯಲ್ಲ ನೋಡಿ, ನಾನು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ. ನಮ್ಮಲ್ಲಿ ಅಂಥ ವಿಮೆ ಇಲ್ಲ. ಆದರೆ ಹಿಡಿಕೆ, ಕಮೋಡು, ಬಾಗಿಲು, ಮೆಟ್ಟಿಲು ಎಲ್ಲಾ ಸೇರಿ ಒಂದು ಒಳ್ಳೆಯ ಹಾಲಿನ ದನದ ಕ್ರಯದ ಒಳಗೆ ಮುಗಿಯುತ್ತದೆ ಅಂತ ನನ್ನ ಅಂದಾಜು.

ಇದರಲ್ಲಿ ಹಾಲಿನ ಸಂಘಕ್ಕೆ ಎಂತ ಕೆಲಸ? ಎರಡು ಉಂಟು. ಮದುವೆ ಮುಂಜಿಗೆ ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಸಂಘಗಳು ನಮ್ಮ ಕಡೆ ಬೇಕಾದಷ್ಟು ಇವೆ. ಅದೇ ರೀತಿ ಎರಡು ವೀಲ್‌ಚೇರು, ನಾಲ್ಕು ವಾಕರು, ನಾಲ್ಕು ಕಮೋಡ್ ಕುರ್ಚಿ, ಒಂದು ಮಡಚುವ ಸ್ಟ್ರೆಚರು ಇಷ್ಟನ್ನು ಸಂಘದ ಕಟ್ಟಡದಲ್ಲಿ ಇಟ್ಟರೆ ಬೇಕಾದವರು ಸಹಿ ಹಾಕಿ ಕೊಂಡುಹೋಗಲಿ, ಮುಗಿದ ಮೇಲೆ ತೊಳೆದು ತಂದಿಡಲಿ. ಎಷ್ಟೋ ಮನೆಯ ಅಟ್ಟದಲ್ಲಿ ತೀರಿಹೋದವರ ವಾಕರು ಧೂಳು ತಿನ್ನುತ್ತಾ ಇದೆ, ಕೇಳಿದರೆ ಕೊಟ್ಟಾರು. ಎರಡನೆಯದಕ್ಕೆ ದುಡ್ಡೇ ಬೇಡ. ಯಾರ ಮನೆಯ ಹಾಲು ದಿನಾ ಎಷ್ಟು ಗಂಟೆಗೆ ಬರುತ್ತದೆ ಅಂತ ನಮ್ಮ ಕಾರ್ಯದರ್ಶಿಯವರಿಗೆ ಗೊತ್ತಿರುವಷ್ಟು ಬೆಂಗಳೂರಿನ ಮಗನಿಗೂ ಗೊತ್ತಿಲ್ಲ. ಇಬ್ಬರೇ ಮುದುಕರಿರುವ ಮನೆಯಿಂದ ಒಂದು ಬೆಳಿಗ್ಗೆ ಹಾಲು ಬಾರದಿದ್ದರೆ ಒಂದು ಫೋನು. ಫೋನು ಎತ್ತದಿದ್ದರೆ ಆ ಕಡೆಯಿಂದ ಹಾಲು ತರುವ ಯಾರಾದರೂ ಒಬ್ಬರು ಹೋಗುವಾಗ ಇಣುಕಿ ನೋಡುವುದು. ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲೇ ಇದನ್ನು ತೀರ್ಮಾನ ಮಾಡಬೇಕು ಅಂತ ಸದಸ್ಯರ ಪರವಾಗಿ ಕೇಳಿಕೊಳ್ಳುತ್ತೇನೆ.

ಅಳತೆಯ ಟೇಪು ನನ್ನ ಹತ್ತಿರ ಈಗಲೂ ಉಂಟು. ಮೆಟ್ಟಿಲು, ಬಚ್ಚಲಿನ ಲೆಕ್ಕ ಹಾಕಿಸಬೇಕೆನ್ನುವವರು ಸಂಘದಲ್ಲಿ ಹೆಸರು ಬರೆಸಿದರೆ ಆದಿತ್ಯವಾರಗಳಲ್ಲಿ ಬರುತ್ತೇನೆ. ಮೇಸ್ತ್ರಿಯನ್ನೂ ಅದೇ ದಿನ ಬರಲಿಕ್ಕೆ ಹೇಳಿ, ಅಳತೆ ಬಾಯಿಮಾತಿನಲ್ಲಿ ಕೊಟ್ಟರೆ ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೋ ಅವರು ಎದುರಿಗೇ ಇರಬೇಕು, ಅವರನ್ನು ಒಮ್ಮೆ ಹಾಸಿಗೆಯಿಂದ ಬಚ್ಚಲಿನವರೆಗೆ ನಡೆಸಿ ನೋಡಿಯೇ ಗೆರೆ ಹಾಕುವುದು.